ಬಂಡೆಗೆ ಒರಗಿದವನು

ಅಷ್ಟು ಹತ್ತಿರ ನಿಂತರೆ ಅದು ಕಣ್ಣೇ ಅಲ್ಲ. ಊಟದ ತಟ್ಟೆಯಷ್ಟು ದೊಡ್ಡದೊಂದು ಕಂದು ಬಣ್ಣದ ವೃತ್ತ, ಅದರ ಎರಡೂ ಬದಿಗೆ ಧೂಳು ಕೂತು ಹಳದಿಯಾದ ಬಿಳಿ, ಮೇಲೊಂದು ಕಪ್ಪು ಕಮಾನು, ಕಮಾನಿನ ತುದಿಯಲ್ಲಿ ಬ್ರಷ್ಷಿನಿಂದ ಉದುರಿದ ಕೂದಲೊಂದು ಬಣ್ಣದಲ್ಲೇ ಸಿಕ್ಕಿಕೊಂಡು ಒಣಗಿಹೋಗಿದೆ. ಚೌಕದ ದೊಡ್ಡ ಬೋರ್ಡಿನ ಮುಂದೆ ಕಟ್ಟಿದ ಸಾರುವೆಯ ಹಲಗೆಯ ಮೇಲೆ ನಿಂತು ಅವನು ಆ ಕೂದಲನ್ನೇ ನೋಡುತ್ತಿದ್ದ. ಯುದ್ಧ ಶುರುವಾದಾಗ ತಾನೇ ಬರೆದ ಕಣ್ಣು. ಕೂದಲನ್ನು ಅವತ್ತೇ ಉಗುರಿನಿಂದ ಕೆರೆದು ತೆಗೆಯಬಹುದಾಗಿತ್ತು, ತೆಗೆದಿರಲಿಲ್ಲ. ಕೆಳಗಿನಿಂದ ಕಾಣದ್ದು ಬೋರ್ಡಿನಲ್ಲಿ ಇಲ್ಲವೆಂದೇ ಲೆಕ್ಕ ಎಂದು ಮೇಸ್ತ್ರಿ ಹೇಳುತ್ತಿದ್ದ. ಬಲಗೈಯ ಬ್ರಷ್ಷಿಗೆ ಚರ್ಮದ ಬಣ್ಣ ಅದ್ದಿ ಬಹಳ ಹೊತ್ತಾಗಿತ್ತು. ಬಣ್ಣ ಹಿಡಿಯ ಮೇಲಿಂದ ಇಳಿದು ಮಣಿಕಟ್ಟಿಗೆ ಬಂದು, ಅಲ್ಲಿಂದ ಅಂಗಿಯ ತೋಳಿನೊಳಗೆ ತಣ್ಣಗೆ ಹರಿಯುತ್ತಿತ್ತು. ಎರಡೇ ಎಳೆತದ ಕೆಲಸ. ರೆಪ್ಪೆ ಇಳಿಸಬೇಕು, ರೆಪ್ಪೆಯ ಅಂಚಿಗೊಂದು ಕಪ್ಪು ಗೆರೆ ಎಳೆಯಬೇಕು. ಆದರೆ ಅದು ಅಣ್ಣನ ಕಣ್ಣು. ಗಡಿಯಾಚೆಗೆ ಹೋದ ಅಣ್ಣನ ಸುದ್ದಿ ನಿಂತು ತಿಂಗಳುಗಳಾಗಿದ್ದವು. ಸತ್ತ ಎಂದು ಯಾರೂ ಹೇಳಿರಲಿಲ್ಲ, ಬದುಕಿದ್ದಾನೆಂದೂ ಯಾರೂ ಹೇಳಿರಲಿಲ್ಲ. ಯಾರೂ ಹೇಳದ ಮಾತನ್ನು ಇವತ್ತು ಈ ಬ್ರಷ್ಷು ಹೇಳಬೇಕಾಗಿತ್ತು.

ಕೆಳಗಿನಿಂದ ಮೇಸ್ತ್ರಿ ಕೂಗಿದ. "ಮರಿ, ಬಣ್ಣ ಹಚ್ತೀಯೋ, ಇಲ್ಲ ಅದರ ಜೊತೆ ಸಂಸಾರ ಮಾಡ್ತೀಯೋ?"

"ಬಣ್ಣ ತೆಳ್ಳಗಾಗಿದೆ ಮೇಸ್ತ್ರಿ. ಇಳೀತಾ ಇದೆ."

"ಇಳಿಯೋದು ನಿನ್ನ ಕೈಯಿಂದ. ಬೋರ್ಡಿಗೆ ಮುಟ್ಟಿಸಿದ್ರೆ ತಾನೆ ಅಲ್ಲಿ ಇಳಿಯೋಕೆ! ಸಾಯಂಕಾಲ ಗಡಿಯಾರ ಬರ್ತಾನೆ, ಫೋಟೋದವನನ್ನ ಕರ್ಕೊಂಡು. ಅಷ್ಟರೊಳಗೆ ಎಲ್ಲರೂ ಸತ್ತಿರಬೇಕು ಅಂತ ಹೇಳಿ ಹೋಗಿದಾನೆ."

ಗಡಿಯಾರ ಎಂದರೆ ಪ್ರಚಾರ ಕಚೇರಿಯ ಅಧಿಕಾರಿ. ಮಾತಿಗೊಮ್ಮೆ ಕೈಗಡಿಯಾರ ನೋಡಿಕೊಳ್ಳುವ ಚಾಳಿಗೆ ಮೇಸ್ತ್ರಿ ಇಟ್ಟ ಹೆಸರು. ಮೊನ್ನೆ ರಾತ್ರಿ ನಾಯಕರು ರೇಡಿಯೋದಲ್ಲಿ ಈ ಯುದ್ಧಕ್ಕೆ ಇತಿಹಾಸದಿಂದ ಹೊಸ ಹೋಲಿಕೆ ಕೊಟ್ಟಿದ್ದರು. ನಿನ್ನೆ ಬೆಳಿಗ್ಗೆ ಗಡಿಯಾರ ಚೌಕಕ್ಕೆ ಓಡಿಬಂದು, ತಲೆಯೆತ್ತಿ ಬೋರ್ಡನ್ನು ಹೊಸ ಬಾಡಿಗೆದಾರ ಮನೆ ನೋಡುವಂತೆ ನೋಡಿ, "ಹಿಮ ಇದ್ದ ಕಡೆ ಬೆಟ್ಟ ಬರ್ಲಿ. ಆಕಾಶ ಕೆಂಪಾಗ್ಲಿ. ಎಲ್ಲರನ್ನೂ ಮಲಗಿಸಿಬಿಡಿ" ಎಂದಿದ್ದ. ನಿಂತವರನ್ನೆಲ್ಲ ಮಲಗಿಸಬೇಕಾದರೆ ಇಡೀ ಬೋರ್ಡು ಹೊಸದಾಗಿ ಬರೆಯಬೇಕು, ವಾರ ಹಿಡಿಯುತ್ತದೆ ಎಂದು ಮೇಸ್ತ್ರಿ ತಲೆ ಕೆರೆದುಕೊಂಡಾಗ, ಗಡಿಯಾರ ಕೈ ನೋಡಿಕೊಂಡು ಸುಲಭದ ದಾರಿ ತೋರಿಸಿದ. "ಮಲಗಿಸೋದು ಬೇಡ ಬಿಡಿ. ಹಿಂದೆ ಒಂದೊಂದು ಬಂಡೆ ಇಡಿ, ಒರಗಿಸಿ. ಕಣ್ಣು ಮುಚ್ಚಿ. ಮುಖ ಹಾಗೇ ಇರ್ಲಿ. ಮುಖ ಜನಕ್ಕೆ ಅಭ್ಯಾಸ ಆಗಿದೆ."

ಮುಖ ಅಭ್ಯಾಸವಾಗಿತ್ತು, ಸುಳ್ಳಲ್ಲ. ಚೌಕದಲ್ಲಿ ಮೂರು ಮಹಡಿ ಎತ್ತರದ ಆ ಬೋರ್ಡಿನಲ್ಲಿ ಅಣ್ಣ ಮೊದಲು ನಿಂತದ್ದು ಕೋಟೆಯ ಗೋಡೆಯ ಮೇಲೆ. ಅಂದು ನಮ್ಮ ಹಿರಿಯರು ಕೋಟೆಯೊಳಗೆ ಹಸಿದರು, ಬಾಗಲಿಲ್ಲ, ಕೊನೆಯ ದಿನ ವೈರಿ ಓಡಿಹೋದ, ಇಂದೂ ಅದೇ ಆಗುತ್ತದೆ ಎಂದಿದ್ದರು ನಾಯಕರು. ಕೊನೆಯ ದಿನ ಬರಲೇ ಇಲ್ಲ. ಹಸಿವು ಮಾತ್ರ ಬಂತು, ಅಂಗಡಿಗಳ ಮುಂದೆ ಸಾಲುಗಳು ಬಂದವು. ಆಗ ಕೋಟೆ ಅಳಿಸಿ ನದಿ ಬರೆಯಬೇಕಾಯಿತು. ಅಂದು ನಮ್ಮವರು ಉಕ್ಕುವ ಹೊಳೆ ದಾಟಿ ತಮ್ಮ ದೋಣಿಗಳನ್ನು ತಾವೇ ಸುಟ್ಟರು, ಹಿಂದಿರುಗುವ ದಾರಿಯನ್ನೇ ಉಳಿಸಿಕೊಳ್ಳಲಿಲ್ಲ, ಅದಕ್ಕೇ ಗೆದ್ದರು. ಅವನು ಅಣ್ಣನ ಕವಚ ತೆಗೆದು ಒದ್ದೆ ಅಂಗಿ ತೊಡಿಸಿದ. ಆಮೇಲೆ ಸೈನ್ಯ ಹಿಂದಕ್ಕೆ ಬರತೊಡಗಿತು. ಸುಟ್ಟ ದೋಣಿಗಳನ್ನು ಯಾರಿಗೂ ಕಾಣದಂತೆ ನೀಲಿ ಬಳಿದು ಮುಚ್ಚಿ, ಇನ್ನೊಂದು ಶತಮಾನದ ಇನ್ನೊಂದು ಸೈನ್ಯದ ಹಿಂದೆಗೆತ ಬರೆದರು. ನೆಗೆಯುವವನು ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ ಎಂದರು ನಾಯಕರು. ಅಣ್ಣನ ಮೈಮೇಲೆ ಹಿಮದ ಕೋಟು ಬಂತು. ಶತಮಾನಗಳು ಬದಲಾದವು, ಬಟ್ಟೆ ಬದಲಾಯಿತು, ಟೋಪಿ ಬದಲಾಯಿತು, ಮುಖ ಬದಲಾಗಲಿಲ್ಲ. ಮುಖ ತಿದ್ದುವುದಕ್ಕೆ ಹೊತ್ತೂ ಇರಲಿಲ್ಲ, ಬಣ್ಣವೂ ಸಿಗುತ್ತಿರಲಿಲ್ಲ. ಹೀಗೆ ಅಣ್ಣ ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ, ಮೊದಲ ದಿನದ ಅದೇ ತಡೆಹಿಡಿದ ನಗೆ ಹೊತ್ತು, ಯಾರದೋ ಯುದ್ಧದಿಂದ ಯಾರದೋ ಯುದ್ಧಕ್ಕೆ ಅಲೆಯುತ್ತಿದ್ದ.

ಈಗ ಬೆಟ್ಟ. ಅಂದು ಬೆಟ್ಟದ ಮೇಲೆ ನಿಂತವರಲ್ಲಿ ಒಬ್ಬನೂ ಉಳಿಯಲಿಲ್ಲ, ಆದರೆ ಅವರ ಹೆಸರು ಉಳಿದಿದೆ, ದೇಶ ಉಳಿದಿದೆ. ಚಹಾದಂಗಡಿಯ ರೇಡಿಯೋ ನಿನ್ನೆಯಿಂದ ಅದನ್ನೇ ಮತ್ತೆ ಮತ್ತೆ ಹೇಳುತ್ತಿತ್ತು. ನಾಯಕರ ದನಿ ನಡುಗುವ ಜಾಗ ಅವನಿಗೆ ಬಾಯಿಪಾಠವಾಗಿತ್ತು. 'ಒಬ್ಬನೂ' ಎನ್ನುವಾಗ ದನಿ ನಡುಗುತ್ತಿತ್ತು, 'ಹೆಸರು' ಎನ್ನುವಾಗ ಗಟ್ಟಿಯಾಗುತ್ತಿತ್ತು. ಮುಂದಿನ ಸಲ ಯಾವ ಕಥೆ ಹುಡುಕುತ್ತಾರೆ? ಎಲ್ಲರೂ ಸತ್ತದ್ದನ್ನೂ ಗೆಲುವು ಎಂದಮೇಲೆ ಇನ್ನೇನು ಉಳಿದಿದೆ? ಬ್ರಷ್ಷನ್ನು ಡಬ್ಬದೊಳಗೆ ಎಸೆದುಬಿಡಬೇಕೆನಿಸಿತು. ಎಸೆಯಲಿಲ್ಲ. ಅಂಚಿಗೆ ಒರೆಸಿ, ಅಣ್ಣನ ಪಕ್ಕದವನ ಕಣ್ಣು ಮುಚ್ಚಿದ. ಅವನು ರೊಟ್ಟಿ ಬೇಯಿಸುವ ಅಂಗಡಿಯವನ ಅಳಿಯ. ಸುಲಭವಾಗಿ ಮುಚ್ಚಿತು. ಅವನ ಪಕ್ಕದವನದೂ ಮುಚ್ಚಿತು. ಬೇರೆಯವರ ಕಣ್ಣು ಮುಚ್ಚುವಾಗ ಕೈ ತಡೆಯುವುದಿಲ್ಲವಲ್ಲ ಎಂದು ಹೊಳೆದು, ತನ್ನ ಮೇಲೆಯೇ ಅಸಹ್ಯವಾಗಿ, ಕಾಲಿನ ಹತ್ತಿರ ಉಗಿದ. ಉಗುಳು ಹಲಗೆಯ ಸಂದಿನಿಂದ ಕೆಳಗೆ ಹೋಯಿತು. ಮೇಸ್ತ್ರಿ, "ಲೋ, ನಾನಿಲ್ಲಿದೀನಿ" ಎಂದು ಬೈದ.

ಬೆಳಿಗ್ಗೆ ಮನೆಯಲ್ಲಿ ಮೂರನೆಯ ತಟ್ಟೆ ಇರಲಿಲ್ಲ. ಅಣ್ಣ ಹೋದಾಗಿನಿಂದ ಅಮ್ಮ ಮೇಜಿನ ಮೇಲೆ ಮೂರು ತಟ್ಟೆ ಇಡುತ್ತಿದ್ದಳು. ಇಟ್ಟು, ಮೂರನೆಯದನ್ನು ಸೆರಗಿನಿಂದ ಒರೆಸಿ, ಇಬ್ಬರ ಊಟ ಮುಗಿದ ಮೇಲೆ ಅದನ್ನೂ ಎಂಜಲಾದಂತೆ ತೊಳೆಯುತ್ತಿದ್ದಳು. ಇವತ್ತು ಅದು ಕಪಾಟಿನ ಮೇಲಿನ ಹಲಗೆಯಲ್ಲಿ ಬೋರಲಾಗಿ ಕೂತಿತ್ತು. ಮರೆತಿರಬೇಕು ಎಂದುಕೊಂಡ. ಅಮ್ಮ ಮರೆಯುವವಳಲ್ಲ ಎಂಬುದು ಆ ಯೋಚನೆಯ ಹಿಂದೆಯೇ ಬಂತು. ಅವಳು ದೊಡ್ಡ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೋಣೆಯ ಕೆಲಸದವಳು. ಯುದ್ಧದಿಂದ ಬಂದವರ ಹಾಸಿಗೆವಸ್ತ್ರಗಳೆಲ್ಲ ಅವಳ ಕೈಮೇಲೆಯೇ ಹಾಯ್ದುಹೋಗಬೇಕು. ಅಲ್ಲಿ ಏನು ನೋಡಿದೆ ಎಂದು ಅವಳು ಒಂದು ದಿನವೂ ಹೇಳಿದವಳಲ್ಲ. ಕೇಳಿದರೆ, "ಬಟ್ಟೆ ಕಣೋ, ಇನ್ನೇನು" ಎನ್ನುತ್ತಿದ್ದಳು. ಆದರೆ ಕೆಲಸ ಮುಗಿಸಿ ಮನೆಗೆ ಹೋಗುವಾಗ ತಪ್ಪದೆ ಚೌಕದ ದಾರಿ ಹಿಡಿದು, ಬೋರ್ಡಿನ ಕೆಳಗೆ ನಿಂತು, ಕುತ್ತಿಗೆ ನೋಯುವವರೆಗೂ ಮೇಲೆ ನೋಡಿ, "ನಿಂತಿದಾನಲ್ಲ" ಎಂದು ಯಾರಿಗೋ ವರದಿ ಕೊಟ್ಟಂತೆ ಹೇಳಿ ಹೋಗುತ್ತಿದ್ದಳು. ಇವತ್ತು ಸಾಯಂಕಾಲವೂ ಬರುತ್ತಾಳೆ. ಏನು ನೋಡುತ್ತಾಳೆ? ತಟ್ಟೆಯ ವಿಷಯ ಕೇಳಬೇಕೆಂದು ಬಾಯಿ ತೆರೆದವನು ಕೇಳದೆ, ಚಪ್ಪಲಿ ಮೆಟ್ಟಿ ಬಂದುಬಿಟ್ಟಿದ್ದ. ಎಲ್ಲ ವಿಷಯದಲ್ಲೂ ಅವನದು ಇದೇ. ಕೇಳಬೇಕಾದ್ದನ್ನು ಕೇಳುವುದಿಲ್ಲ, ಕೇಳಿಸಿಕೊಳ್ಳಬೇಕಾದ್ದನ್ನು ಕೇಳಿಸಿಕೊಳ್ಳುವುದಿಲ್ಲ.

ಆ ಕೋಟೆಯ ಚಿತ್ರವನ್ನು ಅವನು ಮೊದಲು ನೋಡಿದ್ದು ಏಳನೆಯ ಕ್ಲಾಸಿನ ಪುಸ್ತಕದಲ್ಲಿ. ಮಸುಕಾದ ಹಳೆಯ ಚಿತ್ರ. ಗೋಡೆಯ ಮೇಲೆ ನಿಂತವರಿಗೆ ಮುಖವೇ ಇರಲಿಲ್ಲ, ಸಾಸಿವೆಯಂಥ ಚುಕ್ಕಿಗಳು ಅಷ್ಟೆ. ಇಸವಿ ಬಿಟ್ಟು ಬೇರೇನನ್ನೂ ಕೇಳದ ಇಸವಿ ಮೇಷ್ಟ್ರು ಪಾಠ ಮಾಡುತ್ತಿದ್ದಾಗ ಅವನು ಪೆನ್ಸಿಲ್ ಚೂಪು ಮಾಡಿ ಆ ಚುಕ್ಕಿಗಳಿಗೆಲ್ಲ ಮುಖ ಬರೆದಿದ್ದ. ಹಿಂದಿನ ಬೆಂಚಿನ ಹಲ್ಲುಬ್ಬನನ್ನು ಬುರುಜಿನ ಮೇಲೆ ನಿಲ್ಲಿಸಿ, ಮೇಷ್ಟ್ರ ಕೈಗೊಂದು ಕತ್ತಿ ಕೊಟ್ಟಿದ್ದ. ಮೇಷ್ಟ್ರು ಪುಸ್ತಕ ಕಿತ್ತುಕೊಂಡು, ಅವನನ್ನು ಬೆಂಚು ಹತ್ತಿಸಿ, "ನೋಡಿ, ಇತಿಹಾಸಕ್ಕೆ ಮುಖ ಬರೆದ ಮಹಾಶಯರು" ಎಂದಾಗ ಎಲ್ಲರೂ ನಕ್ಕಿದ್ದರು, ಹಲ್ಲುಬ್ಬನೂ ನಕ್ಕಿದ್ದ. ಮರುದಿನ ಅವನು ಶಾಲೆಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಅಣ್ಣನೇ ಕೈಹಿಡಿದು ಮೇಸ್ತ್ರಿಯ ಹತ್ತಿರ ತಂದು ಬಿಟ್ಟಿದ್ದು. "ಇವನ ಕೈ ಸುಮ್ಮನಿರಲ್ಲ ಮೇಸ್ತ್ರಿ, ಏನಾದ್ರೂ ಬಳಿಯೋಕೆ ಕೊಡಿ" ಎಂದಿದ್ದ. ವರ್ಷಗಳಾದ ಮೇಲೆ ಗಡಿಯಾರ ಅದೇ ಚಿತ್ರ ತಂದು, ಚೌಕಳಿ ಗೆರೆ ಎಳೆದು ಬೋರ್ಡಿಗೆ ಏರಿಸಿ, ಆದರೆ ಮುಖಗಳು ಸರಿಯಾಗಿ ಕಾಣುವುದಿಲ್ಲ, ಒಳ್ಳೆಯ ಮುಖ ಹಾಕಿ ಎಂದಾಗ ಅವನಿಗೆ ಎದೆಯುಬ್ಬಿ ಬಂದಿತ್ತು. ಬೆಂಚು ಹತ್ತಿಸಿದ ತಪ್ಪಿಗೇ ಈಗ ಸಂಬಳ. ಗುರುತಿನವರ ಮುಖಗಳನ್ನೆಲ್ಲ ಗೋಡೆಯ ಮೇಲೆ ಸಾಲಾಗಿ ನಿಲ್ಲಿಸಿದ. ನಡುವಿನಲ್ಲಿ ಬಾವುಟ ಹಿಡಿಯುವವನಿಗೆ ಯಾರ ಮುಖ ಎಂಬ ಪ್ರಶ್ನೆಯೇ ಹುಟ್ಟಲಿಲ್ಲ. ಅಣ್ಣ ಅಡುಗೆಮನೆಯಲ್ಲಿ ಬಾವುಟದ ಬದಲು ಪೊರಕೆ ಹಿಡಿದು, ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. "ಬೇಗ ಮುಗಿಸೋ, ವೈರಿ ಬರೋದಕ್ಕೆ ಮುಂಚೆ ಅಮ್ಮ ಬರ್ತಾಳೆ, ಪೊರಕೆ ಅವಳಿಗೆ ಬೇಕು." ಆ ಮಾತು ಹೇಳಿ ನಗು ತಡೆದ ಬಾಯಿಯನ್ನೇ ಅವನು ಬರೆದುಕೊಂಡದ್ದು.

ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬಸ್ಸಿನ ಕೆಳಗೆ ಮಲಗಿ ಕೆಲಸ ಮಾಡುವವನು ಚೌಕದಲ್ಲಿ ಬಾವುಟ ಹಿಡಿದು ನಿಂತದ್ದನ್ನು ನೋಡಿ ಡಿಪೋದವರು ಅವನಿಗೆ ಬಾವುಟ ಎಂದೇ ಹೆಸರಿಟ್ಟರು. "ಬಾವುಟ, ಆ ಸ್ಪ್ಯಾನರ್ ಕೊಡಪ್ಪ." "ಬಾವುಟ, ಗಾಳಿ ಹೇಗಿದೆ ಮೇಲೆ?" ಮೊದಮೊದಲು ತಮಾಷೆಯಾಗಿತ್ತು. ಸೈನ್ಯಕ್ಕೆ ಆಳು ತೆಗೆಯುವ ವ್ಯಾನು ಡಿಪೋದ ಬಾಗಿಲಿಗೆ ಬಂದು ನಿಂತ ದಿನ ಮಾತ್ರ ಯಾರೂ ನಗಲಿಲ್ಲ. ಎಲ್ಲರೂ ಬಸ್ಸಿನ ಕೆಳಗಿದ್ದವನ ಕಾಲುಗಳ ಕಡೆ ನೋಡಿದರು. ಊರಿಗೆಲ್ಲ ಗೋಡೆಯ ಮೇಲೆ ನಿಂತು ಕಾಣುವವನು ಇಲ್ಲಿ ಬಸ್ಸಿನ ಕೆಳಗೆ ಅಡಗುತ್ತಾನೆಯೇ? ಹಾಗೆಂದು ಒಬ್ಬನೂ ಬಾಯಿಬಿಟ್ಟು ಹೇಳಲಿಲ್ಲವಂತೆ. ಅಣ್ಣ ಕೈಯ ಎಣ್ಣೆ ಒರೆಸಿಕೊಂಡು ಹೊರಗೆ ಬಂದು ವ್ಯಾನು ಹತ್ತಿದ. ಹೆಸರು ಬರೆಸಿ ಮನೆಗೆ ಬಂದು ಹೇಳಿದಾಗಲೂ ತಮ್ಮನ ಕಡೆ ಬೆರಳು ತೋರಿಸಲಿಲ್ಲ. ಒಂದು ಸಲ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯದೇ ಹೋದವನನ್ನು ಹೊತ್ತುಕೊಂಡು ತಿರುಗುವುದು ಹೇಗೆ?

ಮಧ್ಯಾಹ್ನ ಚಹಾದಂಗಡಿಗೆ ಇಳಿದುಬಂದಾಗ ಬೆಂಚಿನ ಮೇಲಿದ್ದ ಮೀಸೆಯವನೊಬ್ಬ, "ಏನು ಕಲಾವಿದರೇ, ಇವತ್ತು ಇನ್ನೂ ಎಷ್ಟು ಜನರನ್ನ ಸಾಯಿಸೋದಿದೆ?" ಎಂದ.

"ನಿಮ್ಮ ಮುಖ ಖಾಲಿ ಇದ್ರೆ ಹೇಳಿ, ಜಾಗ ಮಾಡ್ತೀನಿ" ಎಂದ ಅವನು.

ಬೆಂಚಿನವರು ನಕ್ಕರು. ಮೀಸೆಯವನೂ ನಕ್ಕ, ಆಮೇಲೆ ನಗು ನಿಲ್ಲಿಸಿ ಗ್ಲಾಸಿನೊಳಗೆ ನೋಡಿದ. ಅಂಗಡಿಯವನು ರೇಡಿಯೋದ ದನಿ ತಗ್ಗಿಸಿದ. "ಇವರು ಹೇಳಿದ್ದು ಅದೇ ಬೆಟ್ಟ ತಾನೆ, ನಾವು ಶಾಲೇಲಿ ಓದಿದ್ದು? ಅಲ್ಲಿ ಸತ್ತೋರು ತಮ್ಮ ಊರು ಕಾಯ್ತಾ ಇದ್ರು. ನಮ್ಮೋರು ಯಾರ ಊರು ಕಾಯ್ತಾ ಇದಾರೆ?" ಎಂದು ಯಾರನ್ನೂ ನೋಡದೆ ಕೇಳಿದ. "ಚಹಾ ಕೊಡಯ್ಯ, ಭಾಷಣ ಅದರೊಳಗೇ ಸಾಕಷ್ಟಿದೆ" ಎಂದು ಮೀಸೆಯವನು ರೇಡಿಯೋದ ಕಡೆ ಗಲ್ಲ ತೋರಿಸಿದ.

ಅಣ್ಣನೂ ರಜಕ್ಕೆ ಬಂದಾಗ ಇದೇ ಬೆಂಚಿನ ಮೇಲೆ ಕೂತಿದ್ದ. ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂದೇ ಗುಟುಕು ಕುಡಿದು, ಮೇಲೆ ನೋಡಿದ. ಆಗಿನ್ನೂ ಬೋರ್ಡಿನಲ್ಲಿ ಕೋಟೆ ಇತ್ತು.

"ನನ್ನ ಒಳ್ಳೆ ಜಾಗದಲ್ಲಿ ನಿಲ್ಲಿಸಿದೀಯ."

"ಮತ್ತೆ? ಮಧ್ಯದಲ್ಲೇ. ಬೆಳಕು ನೇರವಾಗಿ ಬೀಳುತ್ತೆ."

"ಅಲ್ಲಿ ನಿಂತಿರೋರು ಅವರು ಕಣೋ."

"ಯಾರು?"

"ಗೋಡೆ ಮೇಲಿರೋರು ಅವರು. ಊರು ಅವರದು, ಗೋಡೆ ಅವರದು. ನಾವು ಕೆಳಗಿದೀವಿ. ಹಸಿದುಕೊಂಡು ಒಳಗಿರೋರೂ ಅವರೇ. ರಾತ್ರಿ ಮೇಲಿಂದ ಒಬ್ಬ ಕೂಗ್ತಾನೆ, ನಮ್ಮ ಮಾತಲ್ಲೇ, 'ಊಟ ಆಯ್ತಾ' ಅಂತ. ದಿನಾ ಕೂಗ್ತಾನೆ. ನಮ್ಮೋರಲ್ಲಿ ಒಬ್ಬ ಒಂದಿನ ತಡೀಲಾರದೆ 'ಆಯ್ತು, ನಿಮ್ದು?' ಅಂದುಬಿಟ್ಟ. ಅವನನ್ನ ಎಳ್ಕೊಂಡು ಹೋದ್ರು."

ಅವನಿಗೆ ಅದು ಹಿಡಿಸಿರಲಿಲ್ಲ. ಊರೆಲ್ಲ ತಲೆಯೆತ್ತಿ ನೋಡುವ ತನ್ನ ಚಿತ್ರವನ್ನು ಅಣ್ಣನೇ ಕೆಳಗೆ ಎಳೆಯುತ್ತಿದ್ದಾನೆ ಎನಿಸಿ, ನಗುತ್ತಾ, "ಹಾಗಾದ್ರೆ ನಿನಗೊಂದು ಏಣಿ ಬರೆದುಕೊಡ್ಲಾ?" ಎಂದಿದ್ದ. ಅಣ್ಣ ಅವನ ಮುಖ ನೋಡಿದ. ಬಹಳ ದೂರದಿಂದ ಗುರುತು ಹಿಡಿಯಲು ಯತ್ನಿಸುವವನಂತೆ ನೋಡಿದ. ಆಮೇಲೆ, "ಬರೆದುಕೊಡು. ಗಟ್ಟಿಯಾಗಿರೋದು ಬರಿ" ಎಂದು ಅವನ ತಲೆಗೂದಲು ಕೆದರಿ ಎದ್ದುಹೋದ. ಅದೇ ಕೊನೆ. ಅರ್ಧ ಉಳಿದ ಚಹಾ ಬೆಂಚಿನ ಮೇಲೆ ಕೆನೆಗಟ್ಟಿತ್ತು. ನೀವು ಗೋಡೆಯ ಕೆಳಗಿದ್ದರೆ ನಾನು ಬರೆದದ್ದು ಯಾರನ್ನು ಎಂದು ಅವನು ಕೇಳಬೇಕಾಗಿತ್ತು. ನಾಯಕರು ಇಡೀ ಚಿತ್ರವನ್ನೇ ತಲೆಕೆಳಗು ಮಾಡಿ ಹೇಳುತ್ತಿದ್ದಾರೆ, ನಾನು ಅದಕ್ಕೆ ಬಣ್ಣ ಹಚ್ಚುತ್ತಿದ್ದೇನೆ ಎಂದಾದರೂ ಅನ್ನಿಸಬೇಕಾಗಿತ್ತು. ಅವನಿಗೆ ತೋಚಿದ್ದು ಏಣಿ.

ಕೈತೊಳೆಯುವ ತೊಟ್ಟಿಯ ಮೇಲೆ ಒಡಕು ಕನ್ನಡಿ ತೂಗುತ್ತಿತ್ತು. ಅದರಲ್ಲಿ ತನ್ನ ಮುಖ ಕಂಡಾಗಲೇ ಆ ಯೋಚನೆ ಬಂದದ್ದು. ಅಣ್ಣನ ಮುಖದ ಮೇಲೆ ತನ್ನ ಮುಖ ಬರೆದರೆ? ಅಚ್ಚೇನೂ ಬಹಳ ಬೇರೆಯಲ್ಲ. ಮೂಗು ಒಂದಿಷ್ಟು ಅಗಲ, ಹುಬ್ಬಿನಲ್ಲೊಂದು ಗಾಯದ ಗುರುತು, ಗಲ್ಲ ಮೊಂಡು. ಸಾಯಲೇಬೇಕಾದರೆ ಕನ್ನಡಿಯಲ್ಲಿರುವ ಇವನೇ ಸಾಯಲಿ. ಅಣ್ಣನ ಸಾವನ್ನು ಅಣ್ಣನ ಮುಖದಿಂದ ತೆಗೆದು ತನ್ನ ಮುಖಕ್ಕೆ ಹಾಕಿಕೊಂಡರೆ ಎಲ್ಲೋ ಇರುವ ಅಣ್ಣನಿಗೆ ಒಂದು ದಿನವಾದರೂ ಹೆಚ್ಚು ಸಿಗಬಹುದು. ಹುಚ್ಚು ಯೋಚನೆ ಎಂದು ಗೊತ್ತಿತ್ತು. ಗೊತ್ತಿದ್ದರೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕನ್ನಡಿಯ ಮುಂದೆ ಕಣ್ಣು ಮುಚ್ಚಿದ. ಏನೂ ಕಾಣಲಿಲ್ಲ. ತೆರೆದ, ಮತ್ತೆ ಮುಚ್ಚಿದ. ತನ್ನ ಮುಚ್ಚಿದ ಕಣ್ಣನ್ನು ತಾನು ನೋಡಲಾರೆ ಎಂಬುದು ಇಷ್ಟು ವರ್ಷ ಮುಖ ಬರೆದರೂ ಹೊಳೆದಿರಲಿಲ್ಲ. ಒಂದು ಕಣ್ಣು ತೆರೆದಿಟ್ಟು ಇನ್ನೊಂದನ್ನು ಮುಚ್ಚಿ ನೋಡಿದ. ಕೆನ್ನೆ ಸೊಟ್ಟಗಾಗಿ ಕೋಡಂಗಿಯಂತೆ ಕಂಡ.

"ಏನಪ್ಪಾ, ಕನ್ನಡಿಗೇ ಕಣ್ಣು ಹೊಡೀತಾ ಇದೀಯ?" ಎಂದ ಅಂಗಡಿಯವನು. "ಅದು ನನ್ನ ಅಜ್ಜನ ಕಾಲದ್ದು ಮಾರಾಯ, ಬಿಟ್ಟುಬಿಡು."

ಮತ್ತೆ ಮೇಲೆ ಹತ್ತಿದ ಮೇಲೆ ಅವನು ತಲೆಯೆತ್ತಲಿಲ್ಲ, ಯಾರು ಕೂಗಿದರೂ ಓಗೊಡಲಿಲ್ಲ. ಅಣ್ಣನ ಮೂಗಿನ ಮೇಲೆ ತನ್ನ ಮೂಗು ಹರಡಿದ. ಹುಬ್ಬು ಕತ್ತರಿಸಿ ಗಾಯ ಇಟ್ಟ. ತಡೆಹಿಡಿದ ನಗೆಯಿದ್ದ ಬಾಯಿಯನ್ನು ಚರ್ಮದ ಬಣ್ಣದಿಂದ ಅಳಿಸಿ, ಗಂಭೀರವಾಗಿ, ಗಟ್ಟಿಯಾಗಿ ಮುಚ್ಚಿದ ಬಾಯಿ ಬರೆದ. ಕೊನೆಗೆ ಎರಡು ರೆಪ್ಪೆ. ಪಕ್ಕದ ಬಂಡೆಗೆ ಬೂದುಬಣ್ಣ ಹಚ್ಚುತ್ತಿದ್ದ ಮೇಸ್ತ್ರಿ ಹಲಗೆಯ ಮೇಲೆ ಸರಿದು ಬಂದು ನೋಡಿದ. ಕತ್ತನ್ನು ಹಿಂದೆ ಮಾಡಿ, ಮುಂದೆ ಮಾಡಿ ನೋಡಿದ.

"ಹೀಗೆಲ್ಲ ಮಾಡಬಾರದು ಮರಿ" ಎಂದ ಮೇಸ್ತ್ರಿ, ಬಹಳ ಮೆಲ್ಲಗೆ. "ಬದುಕಿರೋರ ಮುಖನ ಯಾರಾದ್ರೂ ಇಲ್ಲಿ..." ಎಂದು ಮುಂದುವರಿಸಹೋಗಿ, ಸಾಲಿನಲ್ಲಿ ಕಣ್ಣುಮುಚ್ಚಿ ಒರಗಿದ್ದ ರೊಟ್ಟಿ ಅಂಗಡಿಯ ಅಳಿಯನನ್ನು ನೋಡಿ, ನಾಲಿಗೆ ಕಚ್ಚಿಕೊಂಡು, ತನ್ನ ಬಂಡೆಗೆ ಮರಳಿದ.

ಬಿಸಿಲು ಎದುರಿನ ಕಟ್ಟಡದ ಹಿಂದೆ ಸರಿಯುವ ಹೊತ್ತಿಗೆ ಅಮ್ಮ ಬಂದಳು. ದಿನಕ್ಕಿಂತ ಬೇಗ ಬಂದಿದ್ದಳು. ಒದ್ದೆಯಲ್ಲಿ ನೆನೆದು ಬಿಳಿಚಿದ ಬೆರಳುಗಳಿಂದ ಕಣ್ಣಿಗೆ ನೆರಳು ಮಾಡಿಕೊಂಡು ನಿಂತಳು. ಅವನು ಇಳಿದುಹೋಗಿ ಪಕ್ಕದಲ್ಲಿ ನಿಂತ. ಅಲ್ಲಿಂದ ಮೊದಲ ಸಲ ಪೂರ್ತಿ ಕಂಡಿತು. ಕೆಂಪು ಆಕಾಶದ ಕೆಳಗೆ, ಬಂಡೆಗೆ ಒರಗಿ, ತಾನು ಸತ್ತಿದ್ದ. ಅದನ್ನು ನೋಡಿ ಒಂದು ನೆಮ್ಮದಿಯಾಯಿತು.

"ಅವನಲ್ಲಮ್ಮ, ಅದು ನಾನು. ಹುಬ್ಬು ನೋಡು" ಎಂದ.

"ಹುಬ್ಬು ನಿಂದೇ. ಮೂಗೂ ನಿಂದೇ" ಎಂದಳು ಅಮ್ಮ. ಮೇಲಿಂದ ಕಣ್ಣು ಕೀಳಲಿಲ್ಲ. "ಆದ್ರೆ ನೀನು ಹೀಗೆ ಮಲಗಲ್ಲ."

"ಅಂದ್ರೆ?"

"ನೀನು ಬಾಯಿ ತೆಗೆದು ಮಲಗ್ತೀಯ. ಹುಟ್ಟಿದಾಗಿನಿಂದ. ಹೀಗೆ ತುಟಿ ಬಿಗಿಹಿಡಿದು ಮಲಗೋನು ಅವನು. ಕನಸಲ್ಲೂ ಏನೂ ಬಿಟ್ಟುಕೊಡಲ್ಲ." ನೆರಳು ಮಾಡಿದ್ದ ಕೈ ಇಳಿಸಿ, "ಅವನೇ ಇದು" ಎಂದಳು.

ಇಷ್ಟು ಕಷ್ಟಪಟ್ಟು ತಾನೇ ಸತ್ತರೂ, ಗೊತ್ತಿಲ್ಲದೆ ಅಣ್ಣನನ್ನೇ ಕೊಂದಿದ್ದ. ಟರ್ಪೆಂಟೈನಿನ ಡಬ್ಬ ಎತ್ತಿಕೊಂಡು ಏಣಿ ಹತ್ತಿದ. ಬಟ್ಟೆ ಅದ್ದಿ, ಅಂಗೈ ಊರಿ ಒರೆಸಿದ. ಹಸಿಬಣ್ಣ ಕಣ್ಣೀರಿನಂತೆ ಅಲ್ಲ, ಕೀವಿನಂತೆ ಇಳಿಯಿತು. ಗಾಯ ಹೋಯಿತು, ಮೂಗು ಹೋಯಿತು, ಬಿಗಿದ ಬಾಯಿ ಹೋಯಿತು, ರೆಪ್ಪೆ ಹೋಯಿತು. ಅದರಡಿಯ ಹಳೆಯ ಬಣ್ಣ ಎಂದೋ ಒಣಗಿ ಕಲ್ಲಾಗಿತ್ತು, ಅದು ಬರಲಿಲ್ಲ. ಕಂದು ವೃತ್ತ ಹೊರಬಂತು. ಕಮಾನಿನ ತುದಿಯ ಕೂದಲು ಹೊರಬಂತು. ಕೆಳಗೆ ಯಾರೋ, "ಅಯ್ಯೋ, ಎದ್ದ ನೋಡು!" ಎಂದರು. ಮೇಸ್ತ್ರಿ ಬ್ರಷ್ಷು ಕೆಳಗಿಟ್ಟ. ಸಾಲಾಗಿ ಸತ್ತವರ ನಡುವೆ ಅಣ್ಣ ಒಬ್ಬನೇ ಕಣ್ಣು ಬಿಟ್ಟು, ನಗು ತಡೆದುಕೊಂಡು, ಪೊರಕೆ ಹಿಡಿದ ದಿನದಂತೆ ಕಿಟಕಿಯಾಚೆ ನೋಡುತ್ತಿದ್ದ.

ಆಗಲೇ ಗಡಿಯಾರ ಬಂದ. ಹಿಂದೆ ಫೋಟೋದವನು. "ಇದೇನ್ರೀ ಇದು? ಇವನ್ಯಾಕೆ ಕಣ್ಣು ಬಿಟ್ಕೊಂಡು ಕೂತಿದಾನೆ? ಬೆಳಕು ಹೋಗ್ತಾ ಇದೆ! ಮುಚ್ರೀ, ಬೇಗ ಮುಚ್ರೀ!"

ಅಮ್ಮ ಗಡಿಯಾರನ ಹತ್ತಿರ ಹೋದಳು. "ಸ್ವಾಮಿ, ಒಂದು ಮಾತು. ಈ ಬೆಟ್ಟದವರದ್ದು ಹೆಸರು ಉಳಿದಿದೆ ಅಂತ ರೇಡಿಯೋದಲ್ಲಿ ಹೇಳಿದ್ರಲ್ಲ."

"ಹೌದಮ್ಮ. ಸರೀರಿ, ಫೋಟೋಗೆ ಅಡ್ಡ ಬರ್ತೀರ."

"ಒಬ್ಬರದ್ದು ಹೇಳಿ."

"ಏನು?"

"ಅವರಲ್ಲಿ ಒಬ್ಬರ ಹೆಸರು ಹೇಳಿ. ಒಂದು ಸಾಕು."

ಗಡಿಯಾರ ಕೈ ನೋಡಿಕೊಂಡ. ಅಲ್ಲಿ ಹೆಸರು ಇರಲಿಲ್ಲ. ಫೋಟೋದವನ ಕಡೆ ನೋಡಿದ, ಮೇಸ್ತ್ರಿಯ ಕಡೆ ನೋಡಿದ, ಚಹಾದಂಗಡಿಯ ಬೆಂಚಿನ ಕಡೆ ನೋಡಿದ. ಎಲ್ಲರೂ ಶಾಲೆಯಲ್ಲಿ ಓದಿದವರೇ. "ಅದೆಲ್ಲ ಇತಿಹಾಸದಲ್ಲಿ ಇರುತ್ತಮ್ಮ" ಎಂದ.

"ಇರುತ್ತೆ" ಎಂದಳು ಅಮ್ಮ. ಆಮೇಲೆ ಅವನನ್ನು ಅಲ್ಲೇ ಬಿಟ್ಟು, ಸಾರುವೆಯ ಬುಡಕ್ಕೆ ಬಂದು, ಮೇಲಿದ್ದ ಮಗನಿಗೆ ಕೇಳುವಷ್ಟೇ ದನಿಯಲ್ಲಿ, "ನಿನ್ನೆ ಆಸ್ಪತ್ರೆಗೆ ನಿಮ್ಮಣ್ಣನ ಜೊತೆಗಿದ್ದ ಹುಡುಗ ಒಬ್ಬ ಬಂದಿದಾನೆ. ಕಾಲಿಲ್ಲ. ನಾನೇ ಹೋಗಿ ಕೇಳ್ದೆ. ಆ ಹುಡುಗನ ಕೈಯಲ್ಲೇ ಪ್ರಾಣ ಬಿಟ್ನಂತೆ, ಚಳಿ ಶುರುವಾಗೋಕೆ ಮುಂಚೇನೇ. ಗೋಡೆ ಕೆಳಗೆ" ಎಂದಳು.

ಅವನ ಕೈಯ ಬಟ್ಟೆಯಿಂದ ಹಲಗೆಯ ಮೇಲೆ ಹನಿ ಬೀಳುತ್ತಿತ್ತು. ಹಾಗಾದರೆ ತಾನು ಹಿಮದ ಕೋಟು ತೊಡಿಸಿದ್ದು ಯಾರಿಗೆ? ಎರಡು ಹೆಜ್ಜೆ ಹಿಂದೆ ಸರಿಸಿದ್ದು ಯಾರನ್ನು? ಬೋರಲಾಗಿದ್ದ ತಟ್ಟೆ ಕಣ್ಣಮುಂದೆ ಬಂತು. ಕೂಗಬೇಕೆನಿಸಿತು. ಗಡಿಯಾರನ ತಲೆಯ ಮೇಲೆ ಡಬ್ಬ ಸುರಿಯಬೇಕು, ಬೋರ್ಡಿಗೆ ಬೆಂಕಿ ಇಡಬೇಕು, ಆ ರೇಡಿಯೋ ಒಡೆದು ಅದರೊಳಗಿನ ನಡುಗುವ ದನಿಯನ್ನು ಕತ್ತು ಹಿಡಿದು ಈಚೆಗೆಳೆದು ಗೋಡೆಯ ಕೆಳಗೆ ನಿಲ್ಲಿಸಬೇಕು ಎನಿಸಿತು.

"ಎಷ್ಟು ದಿನ ಅಂತ ನಿಲ್ಲಿಸ್ತೀಯೋ ಅವನನ್ನ" ಎಂದಳು ಅಮ್ಮ. "ಮಲಗಲಿ ಬಿಡು. ಇವರಿಗೋಸ್ಕರ ಅಲ್ಲ. ಸುಸ್ತಾಗಿದಾನೆ."

"ಕಣ್ಣು ಮುಚ್ಚಲ್ಲಮ್ಮ ನಾನು. ಇವರ ಬೆಟ್ಟದ ಮೇಲೆ ಇವನನ್ನ ಬಿಡಲ್ಲ."

"ಮುಚ್ಚು ಅಂತ ನಾನೆಲ್ಲಿ ಹೇಳ್ದೆ? ಹೊದಿಸು."

ಸ್ವಲ್ಪ ಹೊತ್ತು ಹಿಡಿಯಿತು ಅರ್ಥವಾಗುವುದಕ್ಕೆ. ಮೇಸ್ತ್ರಿಗೆ ಮೊದಲು ಅರ್ಥವಾಯಿತು. ಅವನು ತನ್ನ ಬೂದುಬಣ್ಣದ ದೊಡ್ಡ ಡಬ್ಬವನ್ನು ಹಲಗೆಯ ಮೇಲೆ ಮೆಲ್ಲಗೆ ತಳ್ಳಿದ. ಅಗಲ ಬ್ರಷ್ಷನ್ನೂ ಕೊಟ್ಟ. ಬ್ರಷ್ಷು ತೆಗೆದುಕೊಂಡು ಅವನು ಅಣ್ಣನ ಹಿಂದಿನ ಬಂಡೆಯ ಅಂಚಿನಿಂದ ಶುರುಮಾಡಿದ. ಬಂಡೆ ಮುಂದಕ್ಕೆ ಬೆಳೆಯತೊಡಗಿತು. ಭುಜ ಮುಚ್ಚಿತು, ಕುತ್ತಿಗೆ ಮುಚ್ಚಿತು. ಅಷ್ಟು ಹತ್ತಿರದಿಂದ ಅವನಿಗೆ ಅಣ್ಣ ಕಾಣುತ್ತಿರಲಿಲ್ಲ, ಒಂದು ಚೌಕ ಕಂದು, ಒಂದು ಚೌಕ ಬಿಳಿ, ಒಂದು ಚೌಕ ಕಪ್ಪು ಕಮಾನು. ಆ ಕೂದಲಿನ ಹತ್ತಿರ ಕೈ ನಿಂತಿತು. ಉಗುರಿನಿಂದ ಕೆರೆದು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು, ಅದರ ಮೇಲೂ ಬೂದು ಎಳೆದ.

"ಹೋಯ್ತಾ ಅಮ್ಮ?"

"ಇನ್ನೂ ಕಾಣ್ತಾನೆ. ಕಿವಿ ಹತ್ರ."

ಕಿವಿ ಇದ್ದ ಕಡೆ ತಡಕಾಡಿ ಹಚ್ಚಿದ.

"ಈಗ?"

"ಹಣೆ. ಮೇಲೆ, ಒಂಚೂರು ಮೇಲೆ. ಕೂದಲು ಬರೋ ಕಡೆ." ಕೂಸಿಗೆ ಹೊದಿಕೆ ಸರಿಮಾಡಲು ಹೇಳುವ ದನಿಯಲ್ಲಿ ಹೇಳುತ್ತಿದ್ದಳು. ಚಹಾದಂಗಡಿಯವನು ರೇಡಿಯೋ ನಿಲ್ಲಿಸಿದ್ದ. ಬೆಂಚಿನವರು ಎದ್ದು ನಿಂತಿದ್ದರು. ಮೀಸೆಯವನು ಯಾಕೋ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ.

ಗಡಿಯಾರ ಫೋಟೋದವನ ಕಿವಿಯಲ್ಲಿ ಏನೋ ಹೇಳಿ, ಎರಡು ಹೆಜ್ಜೆ ಹಿಂದೆ ಸರಿದು, ಬೋರ್ಡನ್ನು ಒಂದು ಕಣ್ಣಿನಲ್ಲಿ ಅಳೆದ. "ಪರವಾಗಿಲ್ಲ ತಗೋ" ಎಂದ. "ಒಬ್ಬ ಕಡಿಮೆ ಆದ್ರೆ ಯಾರಿಗೂ ಗೊತ್ತಾಗಲ್ಲ."

ಕ್ಯಾಮೆರಾ ಮಿಂಚಿತು. ಆ ಬೆಳಕಿನಲ್ಲಿ ಹಸಿ ಬಂಡೆ ಒಂದು ಕ್ಷಣ ಹೊಳೆದು ಮತ್ತೆ ಬೂದಾಯಿತು. ಅವನು ಮುಖ ತಿರುಗಿಸಲಿಲ್ಲ. ಹಣೆ ಇದ್ದ ಕಡೆ ಅಂಗೈ ಊರಿ ನಿಂತಿದ್ದ. ಬಣ್ಣ ಬೆಚ್ಚಗಿತ್ತು, ಇಡೀ ದಿನದ ಬಿಸಿಲು ಹಲಗೆಯೊಳಗೆ ಉಳಿದಿತ್ತು.

"ಅಮ್ಮ, ಈಗ ಕಾಣ್ತಾನಾ?"

"ಇಲ್ಲ" ಎಂದಳು. "ಇಳಿದು ಬಾ."